ನಾಸ್‌ನ ಮೂವತ್ತು ವರ್ಷಗಳು: ಸ್ಥಿರತೆ ಎಂದು ನಾವು ಯಾವುದನ್ನು ಕರೆಯುತ್ತಿದ್ದೇವೆ?

ಒಳಪ್ರಾಸ (ಪ್ರಶ್ನೆ)

ಕಳೆದ ಮೂರು ವಾರಗಳಿಂದ ಅಮೆರಿಕದ ರ‍್ಯಾಪರ್ ನಾಸ್‌ನ ಆಲ್ಬಂಗಳನ್ನು ಅವು ಬಿಡುಗಡೆಯಾದ ಕ್ರಮದಲ್ಲಿಯೇ ಕೇಳುತ್ತ ಬಂದೆ. 1994ರ ಏಪ್ರಿಲ್‌ನಲ್ಲಿ ಬಂದ ‘ಇಲ್‌ಮ್ಯಾಟಿಕ್’ನಿಂದ ಹೊರಟು, 2023ರ ಸೆಪ್ಟೆಂಬರ್ 14ರಂದು, ಅಂದರೆ ಆತನ ಐವತ್ತನೆಯ ಹುಟ್ಟುಹಬ್ಬದ ದಿನವೇ ಹೊರಬಂದ ‘ಮ್ಯಾಜಿಕ್ 3’ರವರೆಗೆ ಬಂದು ನಿಂತಿದ್ದೇನೆ. ಬಿಡಿಬಿಡಿಯಾಗಿ ಇವುಗಳಲ್ಲಿ ಬಹುಪಾಲನ್ನು ಮೊದಲೇ ಕೇಳಿದ್ದೆ. ಆದರೆ ಸಾಲಾಗಿ ಕೇಳಿದಾಗ ಒಂದು ಪ್ರಶ್ನೆ ಕಾಡತೊಡಗಿತು. ಅದನ್ನು ಇಲ್ಲಿರುವ ಬಲ್ಲವರ ಮುಂದಿಡುತ್ತಿದ್ದೇನೆ.

ನಾಸ್ ಕುರಿತು ಮಾತು ಬಂದಾಗಲೆಲ್ಲ ‘ಮೂವತ್ತು ವರ್ಷಗಳಿಂದ ಒಂದೇ ಮಟ್ಟ ಕಾಯ್ದುಕೊಂಡ ರ‍್ಯಾಪರ್’ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆಲ್ಬಂಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ನೋಡಿದರೆ ಈ ಮಾತು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. 1999ರಲ್ಲಿ ಒಂದೇ ವರ್ಷದೊಳಗೆ ಎರಡು ಆಲ್ಬಂಗಳು ಬಂದವು. ಅವುಗಳಲ್ಲಿ ಎರಡನೆಯದಾದ ‘ನಾಸ್ಟ್ರಡಾಮಸ್’ ಪರವಾಗಿ ವಾದಿಸುವವರು ಅಭಿಮಾನಿಗಳಲ್ಲಿಯೂ ವಿರಳ. 2012ರ ‘ಲೈಫ್ ಈಸ್ ಗುಡ್’ ಆದ ಮೇಲೆ ಆರು ವರ್ಷಗಳ ಕಾಲ ಹೊಸ ಆಲ್ಬಂ ಇಲ್ಲ. 2018ರಲ್ಲಿ ಬಂದ ‘ನಾಸಿರ್’ ಏಳೇ ಹಾಡುಗಳಲ್ಲಿ, ಅರ್ಧ ಗಂಟೆಯೂ ತುಂಬುವ ಮೊದಲೇ ಮುಗಿದುಹೋಗುತ್ತದೆ. ಆಮೇಲೆ 2020ರ ಆಗಸ್ಟ್‌ನಿಂದ ಮೂರು ವರ್ಷ ಚಿಲ್ಲರೆ ಅವಧಿಯಲ್ಲಿ, ಹಿಟ್-ಬಾಯ್ ಎಂಬ ಒಬ್ಬನೇ ಪ್ರೊಡ್ಯೂಸರ್ (ಹಾಡುಗಳಿಗೆ ಸಂಗೀತ ಕಟ್ಟುವವ) ಜೊತೆ ಆರು ಆಲ್ಬಂಗಳು. ಇದನ್ನು ಸ್ಥಿರತೆ ಎನ್ನುವುದಾದರೆ ಏರಿಳಿತ ಎಂದು ಯಾವುದನ್ನು ಕರೆಯಬೇಕು?

ಅಭಿಮಾನಿಗಳಲ್ಲಿ ಎರಡು ಪಂಗಡಗಳಿರುವುದು ನಿಮಗೆ ಗೊತ್ತೇ ಇದೆ. ಇಪ್ಪತ್ತನೆಯ ವಯಸ್ಸಿನಲ್ಲಿಯೇ ನಾಸ್ ಬರೆಯಬೇಕಾದುದನ್ನೆಲ್ಲ ಬರೆದು ಮುಗಿಸಿದ, ಉಳಿದದ್ದೆಲ್ಲ ಆ ಗಂಟಿನ ಬಡ್ಡಿಯಲ್ಲಿ ನಡೆದ ಸಂಸಾರ ಎಂಬುದು ಒಂದು ಪಂಗಡದ ಮಾತು. ಐವತ್ತರ ಹೊಸ್ತಿಲಿನಲ್ಲಿ ಆತ ತನ್ನ ಕಸುಬಿನ ತುದಿ ಮುಟ್ಟಿದ, ಅಂಥ ಎರಡನೆಯ ಸುಗ್ಗಿಯನ್ನು ಬೇರೆ ಯಾವ ರ‍್ಯಾಪರ್ ಕೂಡ ಕಂಡಿಲ್ಲ ಎಂಬುದು ಇನ್ನೊಂದರ ಮಾತು. ನನಗೆ ಎರಡರಲ್ಲಿಯೂ ಪೂರ್ತಿ ನಂಬಿಕೆ ಬರುತ್ತಿಲ್ಲ. ಆದ್ದರಿಂದ ಕೇಳುತ್ತಿದ್ದೇನೆ: ಈ ಮೂವತ್ತು ವರ್ಷಗಳಲ್ಲಿ ನಿಜವಾಗಿ ಬದಲಾದದ್ದು ಬರವಣಿಗೆಯೋ, ಇಲ್ಲವೇ ಅದರ ಕೆಳಗೆ ನುಡಿಯುವ ಬೀಟೋ, ಅಂದರೆ ಹಿನ್ನೆಲೆ ಸಂಗೀತವೋ? ಬದಲಾವಣೆ ಎಲ್ಲಿ ಕಿವಿಗೆ ಬೀಳುತ್ತದೆ ಎಂಬುದನ್ನು ಹಾಡಿಟ್ಟು ತೋರಿಸಿದರೆ ಉಪಕಾರವಾಗುತ್ತದೆ. ಸಾರ್ವಕಾಲಿಕ ಶ್ರೇಷ್ಠರ ಪಟ್ಟಿ ಬೇಡ. ಇನ್ನೊಬ್ಬ ರ‍್ಯಾಪರ್ ಜೇ-ಝೀ ಜೊತೆಗಿನ ಹಳೆಯ ಜಗಳವಂತೂ ಖಂಡಿತ ಬೇಡ.

ಸೂಜಿಮೊನೆ

ನನ್ನ ಮಟ್ಟಿಗೆ ಉತ್ತರ ಬಹುಪಾಲು ಬೀಟ್ ಎಂಬುದೇ. ಹೇಗೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

‘ಇಲ್‌ಮ್ಯಾಟಿಕ್’ನಲ್ಲಿ ಆರಂಭದ ತುಣುಕೂ ಸೇರಿ ಇರುವುದು ಹತ್ತೇ ಹಾಡುಗಳು. ಡಿಜೆ ಪ್ರೀಮಿಯರ್ ಮೂರು, ಲಾರ್ಜ್ ಪ್ರೊಫೆಸರ್ ಮೂರು, ಪೀಟ್ ರಾಕ್, ಕ್ಯೂ-ಟಿಪ್ ಮತ್ತು ಎಲ್.ಇ.ಎಸ್. ತಲಾ ಒಂದು ಹಾಡಿಗೆ ಬೀಟ್ ಕಟ್ಟಿದ್ದಾರೆ. ಐದು ಕೈಗಳ ಅಡುಗೆಯಾದರೂ ಒಂದೇ ಒಲೆಯ ಮೇಲೆ ಬೆಂದಂತಿದೆ. ಆ ಐವರೂ ಆಗ ನ್ಯೂಯಾರ್ಕಿನಲ್ಲಿ ಕೆಲಸ ಮಾಡುತ್ತಿದ್ದವರು. ಹಳೆಯ ಜಾಝ್ ಮತ್ತು ಸೋಲ್ ರೆಕಾರ್ಡುಗಳನ್ನು ಕೆದಕಿ, ಅಲ್ಲಿಂದ ಎರಡು ಸೆಕೆಂಡಿನ ತುಣುಕು ಹೆಕ್ಕಿ, ಅದನ್ನು ಸುತ್ತು ಹೊಡೆಸಿ ಹಾಡು ಮಾಡುವ ಒಂದೇ ಅಭ್ಯಾಸದವರು. ‘ಎನ್.ವೈ. ಸ್ಟೇಟ್ ಆಫ್ ಮೈಂಡ್’ನಲ್ಲಿ ಎದೆಗೆ ಗುದ್ದುವಂತೆ ಮರುಕಳಿಸುವ ಆ ಪಿಯಾನೋ, ಜಾಝ್ ಡ್ರಮ್ಮರ್ ಜೋ ಚೇಂಬರ್ಸ್‌ನ ರೆಕಾರ್ಡಿನಿಂದ ಪ್ರೀಮಿಯರ್ ಎತ್ತಿಕೊಂಡದ್ದು. ಒಂದು ಹಾಡಿನ ಕೊನೆಯಲ್ಲಿ ತುತ್ತೂರಿಯಂಥ ಕಾರ್ನೆಟ್ ಊದಿರುವುದು ನಾಸ್‌ನ ತಂದೆ ಓಲು ಡಾರಾ. ಆತ ಸ್ವತಃ ಜಾಝ್ ವಾದಕ. ಹೀಗೆ ಇಡೀ ಆಲ್ಬಂನ ನಾದಕ್ಕೆ ಒಂದೇ ಬೇರು.

1996ರ ‘ಇಟ್ ವಾಸ್ ರಿಟನ್’ನಿಂದ ಈ ಒಲೆ ಒಡೆಯಿತು. ಟ್ರ್ಯಾಕ್‌ಮಾಸ್ಟರ್ಸ್ ಎಂಬ ಪ್ರೊಡ್ಯೂಸರ್ ಜೋಡಿ ರೇಡಿಯೋಗೆ ಒಗ್ಗುವ ನಯವನ್ನು ತಂದಿತು, ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರವಾಗಿ ಒಂದನೆಯ ಸ್ಥಾನಕ್ಕೇ ಬಂತು, ‘ನಮ್ಮ ಹುಡುಗ ಮಾರಾಟವಾದ’ ಎಂದು ಹಳೆಯ ಕೇಳುಗರು ಮುಖ ತಿರುಗಿಸಿದರು. (ಇಂದು ಅದೇ ಆಲ್ಬಂಗೆ ನೈವೇದ್ಯ ಇಡುತ್ತಿರುವವರೂ ಬಹುಮಟ್ಟಿಗೆ ಅವರೇ ಎಂಬುದನ್ನು ಬೇಸರವಿಲ್ಲದೆ ದಾಖಲಿಸುತ್ತೇನೆ.) ಅಲ್ಲಿಂದ ಮುಂದೆ ಒಂದೊಂದು ಹಾಡಿಗೆ ಒಂದೊಂದು ಅಂಗಡಿ. ಬೀಟ್ ಆರಿಸುವ ಕಿವಿ ನಾಸ್‌ಗೆ ಇಲ್ಲ ಎಂಬ ದೂರು ಗಾದೆಯಂತೆ ಎಲ್ಲರ ಬಾಯಿಗೂ ಬಂದದ್ದು ಈ ಅವಧಿಯಲ್ಲಿಯೇ. ಕಿವಿ ಇತ್ತು, ‘ಇದನ್ನು ಕೈಬಿಡು’ ಎಂದು ಪಕ್ಕದಲ್ಲಿ ಕುಳಿತು ಹೇಳುವವರಿರಲಿಲ್ಲ ಎಂಬುದು ನನ್ನ ಅನಿಸಿಕೆ. 2004ರ ‘ಸ್ಟ್ರೀಟ್ಸ್ ಡಿಸೈಪಲ್’ ಎರಡು ಡಿಸ್ಕ್‌ಗಳಷ್ಟು ಉದ್ದವಾದದ್ದಕ್ಕೂ ಅದೇ ಕಾರಣವಿರಬೇಕು. ಅದರೊಳಗೆ ಒಂದು ಡಿಸ್ಕ್‌ನಷ್ಟು ಒಳ್ಳೆಯ ಆಲ್ಬಂ ಅಡಗಿದೆ.

ಹಾಗಾದರೆ ಒಬ್ಬನೇ ಪ್ರೊಡ್ಯೂಸರ್ ಸಿಕ್ಕರೆ ಸಾಕೇ ಎಂದು ನೀವು ಕೇಳಬಹುದು. ಸಾಲದು ಎಂಬುದಕ್ಕೆ ‘ನಾಸಿರ್’ ಸಾಕ್ಷಿ. ಅದನ್ನು ರೂಪಿಸಿದ್ದು ರ‍್ಯಾಪರ್ ಹಾಗೂ ಪ್ರೊಡ್ಯೂಸರ್ ಕಾನ್ಯೆ ವೆಸ್ಟ್; ಆ ಬೇಸಿಗೆಯಲ್ಲಿ ಐದು ವಾರಗಳಲ್ಲಿ ಐದು ಆಲ್ಬಂಗಳನ್ನು ಹೊರತರುವ ಆತನ ಸಾಹಸದಲ್ಲಿ ಇದೂ ಒಂದು ಕಂತಾಗಿತ್ತು. ಬೀಟ್‌ಗಳು ಗಟ್ಟಿಯಾಗಿವೆ, ಆದರೆ ಅವುಗಳ ಮೇಲೆ ನಾಸ್ ಅವಸರದಲ್ಲಿ ಬಂದು ಹೋದ ಅತಿಥಿಯಂತೆ ಕೇಳಿಸುತ್ತಾನೆ. ಹಿಟ್-ಬಾಯ್ ಜೊತೆ ಆದದ್ದು ಬೇರೆ. ‘ಕಿಂಗ್ಸ್ ಡಿಸೀಸ್’ಗೆ 2021ರಲ್ಲಿ ನಾಸ್‌ನ ಮೊತ್ತಮೊದಲ ಗ್ರ್ಯಾಮಿ ಬಂತು, ನಿಜ, ಆದರೂ ಆ ಮೊದಲ ಆಲ್ಬಂ ಇಬ್ಬರೂ ಒಬ್ಬರನ್ನೊಬ್ಬರು ಅಳೆಯುತ್ತಿರುವಂತೆ ಎಚ್ಚರಿಕೆಯಿಂದ ಸಾಗುತ್ತದೆ. ‘ಕಿಂಗ್ಸ್ ಡಿಸೀಸ್ 2’ರಲ್ಲಿ ಸಲುಗೆ ಬೆಳೆದಿದೆ. 2022ರ ‘ಕಿಂಗ್ಸ್ ಡಿಸೀಸ್ 3’ಕ್ಕೆ ಬರುವಷ್ಟರಲ್ಲಿ ಒಬ್ಬ ಅತಿಥಿ ಗಾಯಕನನ್ನೂ ಕರೆಯದೆ ಇಡೀ ಆಲ್ಬಂನ ಭಾರವನ್ನು ನಾಸ್ ಒಬ್ಬನೇ ಹೊತ್ತಿದ್ದಾನೆ. ‘ಇಲ್‌ಮ್ಯಾಟಿಕ್’ ಬಂದಾಗ ಹಿಟ್-ಬಾಯ್‌ಗೆ ಆರು ವರ್ಷ. ಅಷ್ಟು ಕಿರಿಯನಾದ ಕಾರಣಕ್ಕೇ ಆತ ಹಳೆಯ ನಾದವನ್ನು ನಕಲು ಮಾಡಲು ಹೋಗಲಿಲ್ಲವೇನೋ. ನೀವು ಸ್ಥಿರತೆ ಎನ್ನುತ್ತಿರುವುದು ಒಬ್ಬ ಕಲಾವಿದನಿಗಿಂತ ಒಂದು ಜೋಡಿಗೆ ಸೇರಿದ ಗುಣ ಎಂದು ನಾನು ವಾದಿಸುತ್ತೇನೆ.

ಕ್ಯಾಸೆಟ್‌ನ ಎರಡನೇ ಬದಿ

ಸೂಜಿಮೊನೆಯವರು ಬೀಟ್‌ನ ಲೆಕ್ಕವನ್ನು ಚೆನ್ನಾಗಿಯೇ ಒಪ್ಪಿಸಿದ್ದಾರೆ. ಆದರೆ ಬರವಣಿಗೆ ಮೊದಲಿನಂತೆಯೇ ಉಳಿದಿದೆ ಎಂದು ಅವರು ಸದ್ದಿಲ್ಲದೆ ಊಹಿಸಿಕೊಂಡಿರುವುದಕ್ಕೆ ನನ್ನ ತಕರಾರಿದೆ. ಬರವಣಿಗೆ ಬದಲಾಗಿದೆ, ಮತ್ತು ನನ್ನ ದೃಷ್ಟಿಯಲ್ಲಿ ಅದು ಒಂದು ಮುಖ್ಯವಾದುದನ್ನು ಕಳೆದುಕೊಂಡಿದೆ.

ಮೊದಲ ಆಲ್ಬಂನ ‘ಒನ್ ಲವ್’ ಹಾಡನ್ನೇ ತೆಗೆದುಕೊಳ್ಳಿ. ಅದು ಜೈಲಿನಲ್ಲಿರುವ ಗೆಳೆಯರಿಗೆ ಬರೆದ ಪತ್ರಗಳ ರೂಪದಲ್ಲಿದೆ. ಮೊದಲೆರಡು ವರ್ಸ್‌ಗಳಲ್ಲಿ (ಚರಣಗಳಲ್ಲಿ) ಊರಿನ ಸುದ್ದಿ: ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರು ಮಾತಿಗೆ ತಪ್ಪಿದರು, ಯಾರ ತಾಯಿ ಹೇಗಿದ್ದಾರೆ. ಮೂರನೆಯ ವರ್ಸ್‌ಗೆ ಬರುವಷ್ಟರಲ್ಲಿ ಪತ್ರದ ಚೌಕಟ್ಟು ಮೆಲ್ಲನೆ ಕಳಚಿಬಿದ್ದು, ನಾವು ಒಂದು ಬೆಂಚಿನ ಮೇಲೆ ಕುಳಿತಿರುತ್ತೇವೆ. ಪಕ್ಕದಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗ. ಆ ಹುಡುಗನ ನಗು ತಣ್ಣಗಿದೆ, ಮಾತು ಒರಟಾಗಿದೆ, ಬದುಕಿ ಉಳಿಯುವುದಕ್ಕೆ ಬೇಕಾದುದೆಲ್ಲ ತನಗೆ ತಿಳಿದಿದೆ ಎಂಬ ಠೇಂಕಾರವಿದೆ. ಹೇಳುವವನು ತನಗೆ ತೋಚಿದ ನಾಲ್ಕು ಮಾತು ಹೇಳಿ, ಎದ್ದು ನಿಂತು, ಬಟ್ಟೆಯ ಮೇಲೆ ಉದುರಿದ ಬೂದಿಯನ್ನು ಒರಸಿಕೊಂಡು ಹೊರಟುಹೋಗುತ್ತಾನೆ. ಹುಡುಗ ಏನಾದ ಎಂಬುದು ನಮಗೆ ತಿಳಿಯುವುದೇ ಇಲ್ಲ. ಆ ಬೂದಿ ಒರಸಿಕೊಳ್ಳುವ ಕ್ಷಣಕ್ಕಾಗಿ ನಾನು ಆ ಹಾಡನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅಲ್ಲಿ ಉಪದೇಶ ಮಾಡುವವನೂ ಅದೇ ಕೆಸರಿನಲ್ಲಿ ಕಾಲಿಟ್ಟವನೇ; ಹುಡುಗನಿಗಿಂತ ಎಂಟು ವರ್ಷ ದೊಡ್ಡವನು, ಅಷ್ಟೇ.

ಎರಡು ವರ್ಷಗಳ ನಂತರ ‘ಐ ಗೇವ್ ಯೂ ಪವರ್’ನಲ್ಲಿ ಬಂದೂಕೇ ಕಥೆ ಹೇಳುತ್ತದೆ. ಕೈಯಿಂದ ಕೈಗೆ ದಾಟಿ, ಕೊಂದು ಕೊಂದು ಬೇಸತ್ತು, ಕೊನೆಗೊಮ್ಮೆ ಬೇಕೆಂದೇ ಸಿಡಿಯದೆ ಹಟ ಹಿಡಿಯುತ್ತದೆ. ಒಡೆಯ ಸಾಯುತ್ತಾನೆ, ಮರುಗಳಿಗೆಯಲ್ಲಿ ಬೇರೊಂದು ಕೈ ಅದನ್ನು ಎತ್ತಿಕೊಳ್ಳುತ್ತದೆ. 2001ರ ‘ರಿವೈಂಡ್’ನಲ್ಲಿ ಒಂದು ಕೊಲೆಯ ಕಥೆ ಕೊನೆಯಿಂದ ಮೊದಲಿಗೆ ಹಿಮ್ಮುಖವಾಗಿ ಓಡುತ್ತದೆ, ಗುಂಡು ದೇಹದಿಂದ ಹೊರಟು ನಳಿಗೆಯೊಳಗೆ ಮರಳುತ್ತದೆ. ಇವೆಲ್ಲ ತೋಳ್ಬಲದ ಪ್ರದರ್ಶನಗಳಲ್ಲ. ತನ್ನನ್ನು ಬಿಟ್ಟು ಬೇರೊಂದರ ಒಳಹೊಕ್ಕು ನೋಡುವ ಹಂಬಲ ಅವುಗಳಲ್ಲಿ ಕಾಣುತ್ತದೆ.

ಈಗ 2020ರ ನಂತರದ ಆರು ಆಲ್ಬಂಗಳನ್ನು ಕೇಳಿ. ಪ್ರಾಸ ಬಿಗಿಯಾಗಿದೆ, ಉಸಿರು ಹಿಡಿತದಲ್ಲಿದೆ, ಧ್ವನಿ ಮಾಗಿದೆ. ಇದಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾಡಿನಿಂದ ಹಾಡಿಗೆ ಮಾತು ಸುತ್ತಿ ಸುತ್ತಿ ನಾಸ್ ಎಂಬ ವ್ಯಕ್ತಿಯ ಕಡೆಗೇ ಮರಳುತ್ತದೆ: ಆಗ ಹೀಗಿದ್ದೆ, ಈಗ ಹೀಗಿದ್ದೇನೆ, ಇಂಥವರ ಜೊತೆ ಊಟ ಮಾಡಿದೆ, ಇಂಥ ಕಡೆ ಹಣ ಹೂಡಿದೆ, ಹೋದವರನ್ನು ನೆನೆಯುತ್ತಿದ್ದೇನೆ. ತನ್ನದೇ ವಸ್ತುಸಂಗ್ರಹಾಲಯಕ್ಕೆ ತಾನೇ ಮಾರ್ಗದರ್ಶಿಯಾಗಿ ನಿಂತು, ನಮ್ಮನ್ನು ಕೋಣೆಯಿಂದ ಕೋಣೆಗೆ ಕರೆದೊಯ್ಯುವ ಹಿರಿಯನಂತೆ ಕಾಣುತ್ತಾನೆ. ಎಲ್ಲ ಕೋಣೆಗಳಲ್ಲಿಯೂ ಬೆಳಕು ಚೆನ್ನಾಗಿದೆ. ಆದರೆ ಬೆಂಚೂ ಇಲ್ಲ, ಆ ಹುಡುಗನೂ ಇಲ್ಲ. ಮೂರು ವರ್ಷಗಳಲ್ಲಿ ಆರು ಆಲ್ಬಂ ಬಂದರೂ ನನ್ನನ್ನು ತಡರಾತ್ರಿ ಎಬ್ಬಿಸಿ ಕೂರಿಸಿದ ಹಾಡು ಒಂದೂ ಸಿಗಲಿಲ್ಲ. ಸ್ಥಿರತೆ ಇದೆ ಎಂಬುದನ್ನು ಒಪ್ಪುತ್ತೇನೆ. ನನಗೆ ಬೇಕಾಗಿದ್ದುದು ಅದೊಂದೇ ಆಗಿರಲಿಲ್ಲ.

ನಾಲ್ಕನೇ ಬೀಟ್

ಇಬ್ಬರ ಮಾತಿಗೂ ಒಂದೊಂದು ತಿದ್ದುಪಡಿ ಸೂಚಿಸಬೇಕೆನಿಸಿದೆ.

ಮೊದಲನೆಯದು 1999ರ ಬಗ್ಗೆ. ಪ್ರಶ್ನೆ ಕೇಳಿದವರು ಅದನ್ನು ಇಳಿತದ ವರ್ಷವೆಂದು ಗುರುತಿಸಿದ್ದಾರೆ. ಬಿಡುಗಡೆಯಾದ ಆಲ್ಬಂಗಳನ್ನಷ್ಟೇ ನೋಡಿದರೆ ಅದು ಸರಿ. ಆದರೆ ‘ಐ ಆ್ಯಮ್’ ಆಲ್ಬಂ ಆತನ ಬದುಕಿನ ಕಥೆಯನ್ನು ಹೇಳುವ ಎರಡು ಡಿಸ್ಕ್‌ಗಳ ಆಲ್ಬಂ ಆಗಿ ಹೊರಬರಬೇಕಾಗಿತ್ತು. ಎಂಪಿ3 ಹಂಚಿಕೆ ಆಗತಾನೇ ಹಬ್ಬುತ್ತಿದ್ದ ಕಾಲ ಅದು. ಹಾಡುಗಳು ಬಿಡುಗಡೆಗೆ ಮೊದಲೇ ಸೋರಿಹೋದವು. ಸೋರಿದ ಹಾಡುಗಳಲ್ಲಿ ಹಲವನ್ನು ಕೈಬಿಟ್ಟು, ಹೊಸದಾಗಿ ಬರೆದು, ಒಂದೇ ಡಿಸ್ಕ್‌ಗೆ ಇಳಿಸಿ ಏಪ್ರಿಲ್‌ನಲ್ಲಿ ಹೊರತರಲಾಯಿತು. ಅದೇ ವರ್ಷದ ನವೆಂಬರ್‌ಗೆ ತರಾತುರಿಯಲ್ಲಿ ‘ನಾಸ್ಟ್ರಡಾಮಸ್’ ಬಂತು. ಹೀಗೆ ಹೊರಗುಳಿದ ಹಾಡುಗಳಲ್ಲಿ ಕೆಲವು 2002ರಲ್ಲಿ ‘ದಿ ಲಾಸ್ಟ್ ಟೇಪ್ಸ್’ ಎಂಬ ಸಂಗ್ರಹದಲ್ಲಿ ಬೆಳಕು ಕಂಡವು. ಅದರ ಕೊನೆಯಲ್ಲಿ ಹೆಸರಿಲ್ಲದೆ ಅಡಗಿಸಿಟ್ಟ ಒಂದು ಹಾಡಿದೆ: ಇನ್ನೂ ಹುಟ್ಟದ ಕೂಸು ತಾಯಿಯ ಗರ್ಭದೊಳಗಿನಿಂದ ಹೊರಗಿನ ಜಗಳಗಳನ್ನು ಕೇಳಿಸಿಕೊಳ್ಳುತ್ತ ಮಾತನಾಡುತ್ತದೆ. ಅದನ್ನು ಬರೆದ ಲೇಖನಿ ಮೊಂಡಾಗಿತ್ತು ಎಂದು ಯಾರೂ ಹೇಳಲಾರರು. ಹಾಗಾಗಿ ಆ ವರ್ಷ ಕೆಟ್ಟದ್ದು ಆಯ್ಕೆ ಮತ್ತು ಅವಸರ, ಬರವಣಿಗೆ ಕೆಟ್ಟಿರಲಿಲ್ಲ. ಒಬ್ಬ ಕಲಾವಿದನ ಏರಿಳಿತವನ್ನು ಅಂಗಡಿಗೆ ಬಂದ ಆಲ್ಬಂಗಳಿಂದ ಅಳೆಯಬೇಕೋ, ಬರೆದಿಟ್ಟ ಹಾಡುಗಳಿಂದಲೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಎರಡಕ್ಕೂ ಬೇರೆ ಬೇರೆ ಉತ್ತರ ಬರುತ್ತದೆ.

ಎರಡನೆಯದು ಹಾಡುಗಾರಿಕೆಯ ಬಗ್ಗೆ. ಬರವಣಿಗೆ ಮತ್ತು ಬೀಟ್ ಎಂದು ಎರಡೇ ಭಾಗ ಮಾಡಿದರೆ ನಡುವೆ ಇರುವ ಬಾಯಿಯನ್ನು ಮರೆತಂತಾಗುತ್ತದೆ. ‘ಎನ್.ವೈ. ಸ್ಟೇಟ್ ಆಫ್ ಮೈಂಡ್’ ಶುರುವಾಗುವಾಗ, ಎಲ್ಲಿಂದ ಆರಂಭಿಸಬೇಕೋ ತಿಳಿಯುತ್ತಿಲ್ಲ ಎಂದು ನಾಸ್ ಗೊಣಗಿಕೊಳ್ಳುವುದು ರೆಕಾರ್ಡಿನಲ್ಲಿಯೇ ಉಳಿದಿದೆ. ಅದರ ಬೆನ್ನಿಗೇ ಧುಮ್ಮಿಕ್ಕುವ ಮೊದಲ ವರ್ಸ್‌ನಲ್ಲಿ ವಾಕ್ಯಗಳು ಬಾರ್‌ನ (ನಾಲ್ಕು ಎಣಿಕೆಯ ಒಂದು ತಾಳಸುತ್ತಿನ) ಗಡಿಯಲ್ಲಿ ನಿಲ್ಲುವುದೇ ಇಲ್ಲ. ನಮ್ಮ ಛಂದಸ್ಸಿನ ಮಾತಿನಲ್ಲಿ ಹೇಳುವುದಾದರೆ, ಪಾದ ಮುಗಿದರೂ ವಾಕ್ಯ ಮುಗಿಯದೆ ಮುಂದಿನ ಪಾದಕ್ಕೆ ಹರಿಯುತ್ತದೆ. ಪ್ರಾಸವೂ ಅಂತ್ಯದಲ್ಲಿ ಕಾದು ಕೂರದೆ ಸಾಲಿನ ಹೊಟ್ಟೆಯಲ್ಲಿ ಎರಡು ಮೂರು ಕಡೆ ಕಿಡಿ ಹಾರಿಸುತ್ತದೆ. ಬಾರ್‌ನಲ್ಲಿ ಸ್ನೇರ್ ಡ್ರಮ್ ಬಡಿಯುವ ಎರಡನೆಯ ಮತ್ತು ನಾಲ್ಕನೆಯ ಬೀಟ್‌ಗಳ (ಎಣಿಕೆಗಳ) ಮೇಲೆ ಒತ್ತು ಬೀಳುವ ಅಕ್ಷರ ಕೂರಲೇಬೇಕೆಂಬ ಕಟ್ಟುಪಾಡನ್ನು ಆತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೇಳುವವರಿಗೆ ಉಸಿರುಗಟ್ಟಿದಂತಾಗುವುದು ಇದರಿಂದಲೇ, ಮತ್ತು ನ್ಯೂಯಾರ್ಕಿನ ಆ ಬೀದಿಯಲ್ಲಿ ಉಸಿರುಗಟ್ಟುವುದೇ ಹಾಡಿನ ವಿಷಯ.

‘ಕಿಂಗ್ಸ್ ಡಿಸೀಸ್ 3’ರಲ್ಲಿ ಬಾಯಿ ಬೇರೆಯೇ ಕೆಲಸ ಮಾಡುತ್ತದೆ. ವಾಕ್ಯಗಳು ಚಿಕ್ಕವು. ಸ್ನೇರ್ ಬಿದ್ದ ಮೇಲೆ ಒಂದು ಗುಕ್ಕಿನಷ್ಟು ಖಾಲಿ ಬಿಟ್ಟು ಮುಂದಿನ ಮಾತು ಬರುತ್ತದೆ. ಕೆಲವೆಡೆ ಬೀಟ್‌ಗಿಂತ ಕೂದಲೆಳೆಯಷ್ಟು ಹಿಂದೆ ನಿಂತು ಮಾತನಾಡುವಂತೆ ಕೇಳಿಸುತ್ತದೆ. ಇದನ್ನು ಕೆಲವರು ವಯಸ್ಸಿನ ಆಯಾಸ ಎನ್ನುತ್ತಾರೆ. ಆಯಾಸವಾದವನು ಹದಿನಾರು ಬಾರ್‌ಗಳುದ್ದಕ್ಕೂ ಅದೇ ಖಾಲಿ ಜಾಗವನ್ನು ಅದೇ ಅಳತೆಯಲ್ಲಿ ಬಿಡಲಾರ. ಇಪ್ಪತ್ತರಲ್ಲಿ ಎಲ್ಲವನ್ನೂ ತುಂಬಿಸುವುದು ಆತನ ಕಸುಬಾಗಿತ್ತು, ಐವತ್ತರಲ್ಲಿ ಖಾಲಿ ಬಿಡುವುದು ಕಸುಬಾಗಿದೆ. ಬೆಳವಣಿಗೆ ಎಲ್ಲಿ ಕೇಳುತ್ತದೆ ಎಂಬ ಪ್ರಶ್ನೆಗೆ ನಾನು ಈ ಖಾಲಿ ಜಾಗಗಳನ್ನು ತೋರಿಸುತ್ತೇನೆ.

ತಡವಾಗಿ ಬಂದವನು

ಇಲ್ಲಿರುವವರಿಗಿಂತ ನಾನು ಈ ದಾರಿಯಲ್ಲಿ ಹೊಸಬ. ಉಲ್ಟಾ ದಿಕ್ಕಿನಿಂದ ಬಂದವನೂ ಹೌದು. ಮೊದಲು ಕೇಳಿದ್ದು ‘ಕಿಂಗ್ಸ್ ಡಿಸೀಸ್ 3’, ಅಲ್ಲಿಂದ ಹಿಂದಕ್ಕೆ ನಡೆಯುತ್ತ ‘ಇಲ್‌ಮ್ಯಾಟಿಕ್’ ತಲುಪಿದೆ. ನಿಜ ಹೇಳಬೇಕೆಂದರೆ ಮೊದಲ ಸಲ ಕೇಳಿದಾಗ ಅದು ನನಗೆ ಒಗ್ಗಲಿಲ್ಲ. ಧೂಳು ಹಿಡಿದ ರೆಕಾರ್ಡಿನ ಚಿಟಪಟ, ಮಸುಕಾದ ಡ್ರಮ್ಮು, ಪುರುಸೊತ್ತು ಕೊಡದ ಹುಡುಗನ ಮಾತು. ಐವತ್ತರ ನಾಸ್‌ನ ನಿಧಾನಕ್ಕೆ ಒಗ್ಗಿದ ಕಿವಿಗೆ ಇಪ್ಪತ್ತರ ನಾಸ್ ಬೇರೆ ಯಾರೋ ಎನಿಸಿದ. ಆದ್ದರಿಂದ ‘ಅಂದಿನಿಂದ ಇಂದಿಗೂ ಒಬ್ಬನೇ’ ಎಂಬ ಮಾತನ್ನು ಕೇಳಿದಾಗಲೆಲ್ಲ, ಮುಂದಿನಿಂದ ಕೇಳುತ್ತ ಬಂದವರಿಗೆ ನಡುವಿನ ಮೆಟ್ಟಿಲುಗಳು ಅಭ್ಯಾಸವಾಗಿ ಕಾಣದೆಹೋಗಿವೆ ಎಂದು ನನಗನಿಸುತ್ತದೆ.

ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು. ನೀವು ‘ಮ್ಯಾಜಿಕ್ 3’ರಲ್ಲಿ ನಿಂತು ಒಂದು ನಿಲ್ದಾಣ ಮೊದಲೇ ಇಳಿದುಬಿಟ್ಟಿದ್ದೀರಿ. 2025ರ ಡಿಸೆಂಬರ್‌ನಲ್ಲಿ ‘ಲೈಟ್-ಇಯರ್ಸ್’ ಬಂದಿದೆ, ಅದರ ಬೀಟ್‌ಗಳೆಲ್ಲ ಡಿಜೆ ಪ್ರೀಮಿಯರ್‌ನವು. ಇವರಿಬ್ಬರೂ ಕೂಡಿ ಒಂದು ಪೂರ್ತಿ ಆಲ್ಬಂ ಮಾಡಬೇಕೆಂಬುದು ಅಭಿಮಾನಿಗಳ ಬಹಳ ವರ್ಷಗಳ ಹರಕೆಯಾಗಿತ್ತು. ಬರವಣಿಗೆಯೋ ಬೀಟೋ ಎಂದು ನೀವು ಕೇಳಿದ್ದೀರಲ್ಲ, ಅದನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಕಷ್ಟ: 1994ರಲ್ಲಿ ಆ ಪಿಯಾನೋ ಕತ್ತರಿಸಿದ ಕೈಯೇ ಇಲ್ಲಿಯೂ ಕೆಲಸ ಮಾಡಿದೆ, ಮಾತನಾಡುವವನಿಗೆ ಮಾತ್ರ ಐವತ್ತೆರಡು. ‘ಇಲ್‌ಮ್ಯಾಟಿಕ್’ನಲ್ಲಿ ಪ್ರೀಮಿಯರ್ ಮಾಡಿದ ಮೂರು ಹಾಡುಗಳನ್ನು ಕೇಳಿ, ನಡುವೆ ಬೇರೇನನ್ನೂ ಕೇಳದೆ ನೇರವಾಗಿ ಇದಕ್ಕೆ ಬನ್ನಿ. ನಾಲ್ಕನೇ ಬೀಟ್‌ನವರು ಹೇಳಿದ ಖಾಲಿ ಜಾಗಗಳು ಇಲ್ಲಿಯೂ ಉಳಿದಿವೆ ಎಂದು ನನಗೆ ಕೇಳಿಸಿತು. ಹಾಗಿದ್ದ ಮೇಲೆ ಆ ಬದಲಾವಣೆ ಹಿಟ್-ಬಾಯ್‌ನಿಂದ ಎರವಲು ಬಂದದ್ದಾಗಲು ಸಾಧ್ಯವಿಲ್ಲ; ಸೂಜಿಮೊನೆಯವರ ಜೋಡಿ ಸಿದ್ಧಾಂತಕ್ಕೆ ಇಲ್ಲಿ ಸ್ವಲ್ಪ ಪೆಟ್ಟು ಬೀಳುತ್ತದೆ.

ಸೂಜಿಮೊನೆ

ಪೆಟ್ಟು ಬಿದ್ದದ್ದನ್ನು ಒಪ್ಪಿಕೊಳ್ಳುತ್ತೇನೆ, ಆದರೆ ಪೂರ್ತಿಯಲ್ಲ. ಹಿಟ್-ಬಾಯ್ ಜೊತೆ ಆರು ಆಲ್ಬಂ ಮಾಡಿ ಕಲಿತ ಬಾಯಿಯೇ ಪ್ರೀಮಿಯರ್‌ನ ಬಳಿಗೆ ಹೋದದ್ದು ಎಂಬುದನ್ನು ಮರೆಯಬಾರದು. ಅದೇ ಆಲ್ಬಂ 2006ರಲ್ಲಿಯೇ ಬಂದಿದ್ದರೆ ಇಷ್ಟು ಬಿಡುವಾಗಿ ಉಸಿರಾಡುತ್ತಿತ್ತೇ ಎಂಬುದು ನನ್ನ ಅನುಮಾನ. ಇನ್ನು ಖಾಲಿ ಜಾಗದ ವಿಷಯದಲ್ಲಿ ನಾಲ್ಕನೇ ಬೀಟ್‌ನವರ ಮಾತನ್ನು ತಲೆಯಲ್ಲಿಟ್ಟುಕೊಂಡು ನಿನ್ನೆ ರಾತ್ರಿ ಎರಡು ಹಾಡುಗಳನ್ನು ಬೆರಳೆಣಿಸುತ್ತ ಕೇಳಿದೆ. ಅವರು ಹೇಳಿದ್ದು ನಿಜ, ನಾನು ಇಷ್ಟು ದಿನ ಡ್ರಮ್ಮನ್ನಷ್ಟೇ ಕೇಳುತ್ತಿದ್ದೆ.

ಒಳಪ್ರಾಸ

ಎಲ್ಲರಿಗೂ ಧನ್ಯವಾದಗಳು. ‘ಲೈಟ್-ಇಯರ್ಸ್’ ಅನ್ನು ಹೇಳಿದ ಕ್ರಮದಲ್ಲಿಯೇ ಕೇಳುತ್ತೇನೆ. 1999ರ ಬಗ್ಗೆ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ‘ದಿ ಲಾಸ್ಟ್ ಟೇಪ್ಸ್’ ಅನ್ನು ಉಳಿಕೆ ಹಾಡುಗಳ ಮೂಟೆ ಎಂದುಕೊಂಡು ಪಟ್ಟಿಯಿಂದಲೇ ಬಿಟ್ಟಿದ್ದೆ, ಅದು ನನ್ನ ತಪ್ಪು.

ಕ್ಯಾಸೆಟ್‌ನ ಎರಡನೇ ಬದಿಯವರು ಬರೆದದ್ದು ಮಾತ್ರ ಎರಡು ದಿನ ಬೆನ್ನು ಬಿಡಲಿಲ್ಲ. ಬೆಂಚು ಇಲ್ಲ, ಹುಡುಗನೂ ಇಲ್ಲ ಎಂದರಲ್ಲ. ‘ಒನ್ ಲವ್’ ಅನ್ನು ಮತ್ತೆ ಕೇಳಿ, ಆ ಬೆಂಚು ಎಲ್ಲಿ ಹೋಯಿತೆಂದು ಹುಡುಕುತ್ತ ಮುಂದಿನ ಆಲ್ಬಂಗಳಿಗೆ ಬಂದೆ. ‘ಲೈಫ್ ಈಸ್ ಗುಡ್’ನಲ್ಲಿ ‘ಡಾಟರ್ಸ್’ ಎಂಬ ಹಾಡಿದೆ. ಇದುವರೆಗೆ ಅದನ್ನು ಅಪ್ಪನೊಬ್ಬ ಬೆಳೆದ ಮಗಳ ಬಗ್ಗೆ ಪೇಚಾಡುವ ಹಾಡು ಎಂದಷ್ಟೇ ಕೇಳಿದ್ದೆ. ಅದರ ಮೊದಲ ವರ್ಸ್‌ನಲ್ಲಿ, ಜೈಲು ಸೇರಿದ ತನ್ನ ವಯಸ್ಸಿನ ಹುಡುಗನೊಬ್ಬನಿಗೆ ಮಗಳು ಪತ್ರ ಕಳುಹಿಸುವುದನ್ನು ಅಪ್ಪ ಕಾಣುತ್ತಾನೆ. ಮೊದಲು ಮನಸ್ಸಿಗೆ ಕಸಿವಿಸಿ, ಆಮೇಲೆ ಸಿಟ್ಟು. ನಾನು ಹಾಡನ್ನು ಅಲ್ಲಿಯೇ ನಿಲ್ಲಿಸಿದೆ. ಹದಿನೆಂಟು ವರ್ಷಗಳ ಹಿಂದೆ ಜೈಲಿಗೆ ಪತ್ರ ಬರೆಯುತ್ತಿದ್ದವನು ಇವನೇ. ಆಗ ಅದು ನಿಷ್ಠೆಯ ಗುರುತಾಗಿತ್ತು. ಈಗ ಅದೇ ಪತ್ರ ತನ್ನ ಮನೆಯಿಂದ, ತನ್ನ ಮಗಳ ಕೈಯಿಂದ ಹೊರಟಾಗ ಅದನ್ನು ಏನೆಂದು ಕರೆಯಬೇಕೋ ಆತನಿಗೆ ತಿಳಿಯದು. ಹಾಡಿನೊಳಗೆ ಎಲ್ಲಿಯೂ ಹಳೆಯ ಹಾಡನ್ನು ಹೆಸರಿಸಿ ನೆನಪಿಸುವುದಿಲ್ಲ. ಅದು ಬೇಕೆಂದು ಮಾಡಿದ್ದೋ ತಾನಾಗಿ ಆದದ್ದೋ ಎಂದು ತೀರ್ಮಾನಿಸಲು ಹೋಗುವುದಿಲ್ಲ. ಎರಡೂ ಹಾಡುಗಳನ್ನು ಒಂದರ ಹಿಂದೊಂದು ಕೇಳಿದರೆ ನಡುವಿನ ಅಂತರ ಕಿವಿಗೇ ತಿಳಿಯುತ್ತದೆ. ಬೆಂಚು ಹೋಗಿಲ್ಲ, ಮನೆಯೊಳಗೆ ಬಂದಿದೆ ಎಂದು ನನಗನಿಸಿತು. ಒಪ್ಪುತ್ತೀರಾ?

ಕ್ಯಾಸೆಟ್‌ನ ಎರಡನೇ ಬದಿ

ಆ ಎರಡು ಪತ್ರಗಳ ನಂಟನ್ನು ನಾನು ಗಮನಿಸಿರಲಿಲ್ಲ; ಇಷ್ಟು ವರ್ಷ ಕೇಳಿಯೂ ಕಿವಿಗೆ ಬೀಳದಿದ್ದುದಕ್ಕೆ ನಾಚಿಕೆಯೂ ಆಯಿತು. ‘ಡಾಟರ್ಸ್’ ಮಟ್ಟಿಗೆ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಅಲ್ಲಿ ಅಪ್ಪನಿಗೆ ತನ್ನ ಉಪದೇಶದ ಮೇಲೆಯೇ ನಂಬಿಕೆಯಿಲ್ಲ, ಅದಕ್ಕಾಗಿಯೇ ಆ ಹಾಡು ಉಳಿದುಕೊಂಡಿದೆ.

ಆದರೆ ಅದು 2012ರ ಹಾಡು. ನಾನು ದೂರಿದ್ದು 2020ರಿಂದ ಈಚಿನ ಆರು ಆಲ್ಬಂಗಳ ಬಗ್ಗೆ. ಅವುಗಳೊಳಗಿನಿಂದ ಇಂಥದೊಂದು ಹಾಡನ್ನು ಹೆಕ್ಕಿ ಕೊಡಿ, ನನ್ನ ತಕರಾರನ್ನು ಅಂದೇ ಹಿಂತೆಗೆದುಕೊಳ್ಳುತ್ತೇನೆ. ಅಲ್ಲಿಯವರೆಗೆ ‘ಕಿಂಗ್ಸ್ ಡಿಸೀಸ್’ ಮೂರನ್ನೂ ಮೊದಲಿನಿಂದ ಇನ್ನೊಮ್ಮೆ ಕೇಳುತ್ತಿರುತ್ತೇನೆ, ಈ ಸಲ ಪತ್ರಗಳಿಗಾಗಿ ಹುಡುಕುತ್ತ.